ಅನುದಾನದ ಅರ್ಜಿ ಸಲ್ಲಿಸಿದ ಮೇಲೆ ಹೊಸ ಪ್ರಬಂಧ ಪ್ರಕಟವಾದರೆ: ಸಂಶೋಧಕರಿಗೊಂದು ಸಮಗ್ರ ಮಾರ್ಗದರ್ಶಿ

ಸಂಶೋಧನಾ ಅನುದಾನಕ್ಕೆ ಅರ್ಜಿ ಸಲ್ಲಿಸಿದ ದಿನಕ್ಕೂ ಅದರ ಮೇಲೆ ತೀರ್ಮಾನ ಹೊರಬೀಳುವ ದಿನಕ್ಕೂ ನಡುವೆ ಹಲವು ತಿಂಗಳುಗಳು ಕಳೆಯುತ್ತವೆ, ಕೆಲವೊಮ್ಮೆ ವರ್ಷವೇ ಕಳೆಯುತ್ತದೆ. ಪೋರ್ಟಲಿನಲ್ಲಿ ಅರ್ಜಿ ಅಂದು ಹೇಗಿತ್ತೋ ಹಾಗೆಯೇ ನಿಂತಿರುತ್ತದೆ, ಆದರೆ ಪ್ರಯೋಗಾಲಯದ ಕೆಲಸ ಮುಂದೆ ಸಾಗಿರುತ್ತದೆ. ಅರ್ಜಿಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬರೆದಿದ್ದ ಪ್ರಬಂಧ ಅಂಗೀಕಾರವಾಗಿರುತ್ತದೆ, ಅಥವಾ ಅರ್ಜಿ ಬರೆಯುವಾಗ ಇನ್ನೂ ಕರಡಿನಲ್ಲಿದ್ದ ಪ್ರಬಂಧ ಅಚ್ಚಾಗಿಯೇ ಬಂದಿರುತ್ತದೆ. ಈ ಸಂಗತಿಯನ್ನು ಅನುದಾನ ಸಂಸ್ಥೆಗೆ ತಿಳಿಸಬಹುದೇ, ತಿಳಿಸುವುದಾದರೆ ಯಾರಿಗೆ, ಯಾವಾಗ, ಯಾವ ರೂಪದಲ್ಲಿ ಎಂಬ ಪ್ರಶ್ನೆಗಳನ್ನು ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಕಿರಿಯ ಸಹೋದ್ಯೋಗಿಗಳು ನನ್ನನ್ನು ಮತ್ತೆ ಮತ್ತೆ ಕೇಳಿದ್ದಾರೆ. ದೊಡ್ಡ ಸಂಸ್ಥೆಗಳಲ್ಲಿ ಇಂಥ ವಿಷಯಕ್ಕೆಂದೇ ಒಂದು ಕಚೇರಿ ಇರುತ್ತದೆ. ನಮ್ಮ ಭಾಗದ ಬಹುತೇಕ ಕಾಲೇಜುಗಳಲ್ಲಿ ಪಾಠ ಮಾಡುವವರೇ, ಮೌಲ್ಯಮಾಪನಕ್ಕೆ ಹೋಗುವವರೇ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕಡತ ಬರೆಯುವವರೇ ಇದನ್ನೂ ನೋಡಿಕೊಳ್ಳಬೇಕಾಗುತ್ತದೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ.

ಹಂತಗಳಿಗೆ ಹೋಗುವ ಮುನ್ನ, ಹೊಸ ಪ್ರಕಟಣೆಯನ್ನು ಏಕೆ ತಿಳಿಸಬೇಕು ಎಂಬುದು ಸ್ಪಷ್ಟವಾಗಬೇಕು. ಬಯೋಡೇಟಾದಲ್ಲಿ 23 ಇದ್ದ ಪ್ರಬಂಧಗಳ ಸಂಖ್ಯೆ 24 ಆಯಿತು ಎಂಬುದರಿಂದ ಯಾವ ಸಮಿತಿಯ ಅಭಿಪ್ರಾಯವೂ ಬದಲಾಗುವುದಿಲ್ಲ. ಗಂಗಾವತಿಯಿಂದಲೋ ಸಿಂಧನೂರಿನಿಂದಲೋ ಬಂದ ಪ್ರಸ್ತಾವನೆಯನ್ನು ದೂರದ ಊರಿನಲ್ಲಿ ಕುಳಿತು ಓದುವ ಪರಿಶೀಲಕರ ಮನಸ್ಸಿನಲ್ಲಿ ಬಾಯಿಬಿಟ್ಟು ಹೇಳದ ಒಂದು ಅನುಮಾನ ಇರುತ್ತದೆ: ಆಲೋಚನೆ ಒಳ್ಳೆಯದೇ, ಆದರೆ ಅಲ್ಲಿ ಈ ಕೆಲಸ ಆಗುತ್ತದೆಯೇ? ಉಪಕರಣ ಇದೆಯೇ, ಮಾದರಿ ಸಂಗ್ರಹಿಸುವ ಕೈಗಳಿವೆಯೇ, ಅಂಕಿ ಅಂಶಗಳನ್ನು ವಿಶ್ಲೇಷಿಸಬಲ್ಲವರು ಇದ್ದಾರೆಯೇ? ಇದೇ ಜಾಗದಲ್ಲಿ, ಇದೇ ತಂಡ, ಇದೇ ವಿಧಾನದಿಂದ ಮಾಡಿದ ಕೆಲಸವೊಂದು ಪರಿಶೀಲನೆಗೆ ಒಳಗಾಗಿ ಪ್ರಕಟವಾಗಿದೆ ಎಂಬುದು ಆ ಅನುಮಾನಕ್ಕೆ ನೇರ ಉತ್ತರ. ಅಂಥ ಉತ್ತರ ಕೊಡಬಲ್ಲ ಪ್ರಬಂಧವನ್ನು ತಪ್ಪದೆ ತಿಳಿಸಬೇಕು. ಉಳಿದವು ಮುಂದಿನ ಅರ್ಜಿಯವರೆಗೆ ಕಾಯಬಹುದು.

ಮೊದಲ ಹಂತ: ಸಲ್ಲಿಸಿದ ಪ್ರತಿಯನ್ನು ಎದುರಿಗೆ ಇಟ್ಟುಕೊಳ್ಳಿ

ನೀವು ಏನು ಬರೆದಿದ್ದಿರಿ ಎಂಬುದನ್ನು ನೆನಪಿನಿಂದ ಹೇಳಲು ಹೋಗಬೇಡಿ. ಸಲ್ಲಿಸಿದ ನಂತರ ಪೋರ್ಟಲ್ ತಯಾರಿಸಿಕೊಡುವ ಪಿಡಿಎಫ್ ಪ್ರತಿಯನ್ನು ಇಳಿಸಿಕೊಂಡು, ಕಡತ ಸಂಖ್ಯೆ, ಯೋಜನೆಯ ಪೂರ್ಣ ಶೀರ್ಷಿಕೆ, ಸಲ್ಲಿಸಿದ ದಿನಾಂಕ ಮತ್ತು ಯಾವ ಕರೆಗೆ (ಅರ್ಜಿ ಆಹ್ವಾನದ ಪ್ರಕಟಣೆಗೆ) ಅರ್ಜಿ ಹಾಕಲಾಗಿದೆ ಎಂಬ ನಾಲ್ಕು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅದರ ಕೆಳಗೆ, ಅರ್ಜಿಯಲ್ಲಿ ಎಲ್ಲೆಲ್ಲಿ ನಿಮ್ಮ ಅಪ್ರಕಟಿತ ಕೆಲಸದ ಉಲ್ಲೇಖ ಇದೆಯೋ ಅಲ್ಲೆಲ್ಲ ಪುಟ ಸಂಖ್ಯೆ ಸಹಿತ ಗುರುತು ಮಾಡಿಕೊಳ್ಳಿ. ಪ್ರಕಟಣೆಗಳ ಪಟ್ಟಿಯಲ್ಲಷ್ಟೇ ಅಲ್ಲದೆ ಪ್ರಾಥಮಿಕ ಫಲಿತಾಂಶಗಳ ಭಾಗದಲ್ಲಿ, ವಿಧಾನದ ವಿವರಣೆಯಲ್ಲಿ, ಸಹ ಸಂಶೋಧಕರ ಬಯೋಡೇಟಾದಲ್ಲಿ ಕೂಡ ಇಂಥ ಉಲ್ಲೇಖಗಳು ಅಡಗಿರುತ್ತವೆ. ಮುಂದಿನ ಎಲ್ಲ ಹಂತಗಳಿಗೂ ಈ ಹಾಳೆಯೇ ಆಧಾರ.

ಎರಡನೆಯ ಹಂತ: ಪ್ರಬಂಧ ನಿಜವಾಗಿ ಯಾವ ಸ್ಥಿತಿಯಲ್ಲಿದೆ ಎಂದು ನಿರ್ಧರಿಸಿ

ಒಂದು ಪ್ರಬಂಧಕ್ಕೆ ಹಲವು ಸ್ಥಿತಿಗಳಿರುತ್ತವೆ. ಜರ್ನಲ್‌ಗೆ ಕಳುಹಿಸಲಾಗಿದೆ, ಪರಿಶೀಲನೆಯಲ್ಲಿದೆ, ತಿದ್ದುಪಡಿಗೆ ಮರಳಿದೆ, ಅಂಗೀಕಾರವಾಗಿದೆ, ಆನ್‌ಲೈನ್‌ನಲ್ಲಿ ಪ್ರಕಟವಾಗಿದೆ, ಸಂಪುಟ ಮತ್ತು ಪುಟ ಸಂಖ್ಯೆ ಪಡೆದಿದೆ. ಅರ್ಜಿ ಸಲ್ಲಿಸಿದ ಮೇಲೆ ತಿಳಿಸಲು ಯೋಗ್ಯವಾದದ್ದು ಅಂಗೀಕಾರ ಮತ್ತು ಅದರ ನಂತರದ ಸ್ಥಿತಿಗಳು ಮಾತ್ರ. ‘ಸಣ್ಣ ತಿದ್ದುಪಡಿ ಕೇಳಿದ್ದಾರೆ, ಇನ್ನೇನು ಅಂಗೀಕಾರವಾಗುತ್ತದೆ’ ಎಂಬುದು ನಿಮ್ಮ ಮಟ್ಟಿಗೆ ಸಂತೋಷದ ಸುದ್ದಿಯೇ ಆದರೂ ಸಂಸ್ಥೆಯ ಮಟ್ಟಿಗೆ ಅದು ಇನ್ನೂ ಏನೂ ಅಲ್ಲ.

ಅಂಗೀಕಾರಕ್ಕೆ ಸಾಕ್ಷಿ ಎಂದರೆ ಸಂಪಾದಕರಿಂದ ಬಂದ ದಿನಾಂಕವುಳ್ಳ ಪತ್ರ. ಆನ್‌ಲೈನ್ ಪ್ರಕಟಣೆಗೆ ಸಾಕ್ಷಿ ಡಿಒಐ ಸಂಖ್ಯೆ, ಅಂದರೆ ಪ್ರಬಂಧಕ್ಕೆ ಸಿಗುವ ಶಾಶ್ವತ ಆನ್‌ಲೈನ್ ಗುರುತು. ಆ ಸಂಖ್ಯೆಯನ್ನು ಬ್ರೌಸರ್‌ನಲ್ಲಿ ಹಾಕಿದಾಗ ನಿಮ್ಮ ಪ್ರಬಂಧದ ಪುಟವೇ ತೆರೆಯುತ್ತದೆಯೇ ಎಂದು ನೀವೇ ಒಮ್ಮೆ ನೋಡಿ, ಏಕೆಂದರೆ ಪ್ರಕಟಣೆಯ ಮೊದಲ ದಿನಗಳಲ್ಲಿ ಸಂಖ್ಯೆ ಕೊಟ್ಟಿದ್ದರೂ ಅದು ಕೆಲವೊಮ್ಮೆ ಚಾಲ್ತಿಗೆ ಬಂದಿರುವುದಿಲ್ಲ. ಪ್ರಿಪ್ರಿಂಟ್, ಅಂದರೆ ತಜ್ಞ ಪರಿಶೀಲನೆಗೆ ಮೊದಲೇ ಲೇಖಕರು ಎಲ್ಲರಿಗೂ ಓದಲು ತೆರೆದಿಟ್ಟ ಪ್ರತಿ, ಬೇರೆಯದೇ ವರ್ಗ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್ 2017ರಿಂದಲೇ ಅರ್ಜಿಗಳಲ್ಲಿ ಪ್ರಿಪ್ರಿಂಟ್ ಉಲ್ಲೇಖಿಸಲು ಅವಕಾಶ ಕೊಟ್ಟಿದೆ. ಹಾಗಿದ್ದರೂ ಅರ್ಜಿಯಲ್ಲಾಗಲಿ ನಂತರದ ಪತ್ರದಲ್ಲಾಗಲಿ ಪ್ರಿಪ್ರಿಂಟನ್ನು ‘ಪ್ರಿಪ್ರಿಂಟ್, ತಜ್ಞ ಪರಿಶೀಲನೆ ಆಗಿಲ್ಲ’ ಎಂದು ಸ್ಪಷ್ಟವಾಗಿ ನಮೂದಿಸಿ, ಪ್ರಕಟಿತ ಪ್ರಬಂಧಗಳ ಸಾಲಿನಿಂದ ಬೇರೆಯಾಗಿಯೇ ಇಡಬೇಕು.

ಜರ್ನಲ್‌ನ ಅರ್ಹತೆಯನ್ನೂ ಇಲ್ಲಿಯೇ ನೋಡಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ, ಆದ್ದರಿಂದ ‘ಕೇರ್ ಪಟ್ಟಿಯಲ್ಲಿದೆ’ ಎಂಬ ಒಂದೇ ಮಾತಿನ ಮೇಲೆ ಇನ್ನು ನಿಲ್ಲಲಾಗದು. ಕೃಷಿ ವಿಜ್ಞಾನದವರಿಗೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳಿಗೆ ಕೊಡುವ ನಾಸ್ ಅಂಕ ಇದೆ. ಅದನ್ನು ನಮೂದಿಸುವುದಾದರೆ ಯಾವ ವರ್ಷದ ಪಟ್ಟಿಯದು ಎಂದೂ ಬರೆಯಿರಿ. ಹೆಸರುವಾಸಿ ಜರ್ನಲ್‌ಗಳ ಹೆಸರನ್ನೂ ಐಎಸ್‌ಎಸ್‌ಎನ್ ಸಂಖ್ಯೆಯನ್ನೂ ಕದ್ದು ನಡೆಸುವ ನಕಲಿ ತಾಣಗಳಿವೆ, ಹಣ ಪಡೆದು ಮೂರೇ ದಿನದಲ್ಲಿ ಅಂಗೀಕಾರ ಪತ್ರ ಕೊಡುವವೂ ಇವೆ. ಅಂಥ ಕಡೆ ಬಂದ ಪ್ರಬಂಧವನ್ನು ಸಮಿತಿಯ ಗಮನಕ್ಕೆ ತಂದರೆ ಉಳಿದ ಒಳ್ಳೆಯ ಪ್ರಬಂಧಗಳ ಮೇಲೂ ಸಂಶಯ ಮೂಡುತ್ತದೆ. ಸಂಶಯ ಇರುವುದನ್ನು ಕಳುಹಿಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯ ಹಂತ: ನಿಯಮವನ್ನು ಓದಿ

ಈ ವಿಷಯದಲ್ಲಿ ಎಲ್ಲ ಸಂಸ್ಥೆಗಳಿಗೂ ಅನ್ವಯಿಸುವ ಒಂದೇ ನಿಯಮ ಇಲ್ಲ. ಎರಡು ತುದಿಗಳನ್ನು ತಿಳಿದುಕೊಂಡರೆ ನಡುವಿನದು ಅರ್ಥವಾಗುತ್ತದೆ. ಒಂದು ತುದಿಯಲ್ಲಿ ಎನ್‌ಐಎಚ್ ಇದೆ. ಅರ್ಜಿ ಸಲ್ಲಿಸಿದ ನಂತರ ಅಂಗೀಕಾರವಾದ ಪ್ರಬಂಧದ ಸುದ್ದಿಯನ್ನು ಅದು ಸ್ವೀಕರಿಸುತ್ತದೆ. ಆದರೆ ಪರಿಶೀಲನಾ ಸಭೆಗೆ ಕನಿಷ್ಠ 30 ದಿನ ಮೊದಲೇ ಅದು ತಲುಪಬೇಕು, ಸಂಸ್ಥೆಯ ಅಧಿಕೃತ ಪ್ರತಿನಿಧಿಯ ಒಪ್ಪಿಗೆ ಇರಬೇಕು, ಮತ್ತು ಪ್ರಬಂಧದ ಪ್ರತಿಯನ್ನು ಕಳುಹಿಸುವಂತಿಲ್ಲ. ಇನ್ನೊಂದು ತುದಿಯಲ್ಲಿ ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಇದೆ. ಕೊನೆಯ ದಿನಾಂಕದವರೆಗೆ ಎಷ್ಟು ಬಾರಿ ಬೇಕಾದರೂ ಪ್ರಸ್ತಾವನೆಯನ್ನು ಬದಲಿಸಿ ಸಲ್ಲಿಸಬಹುದು, ಆ ದಿನಾಂಕ ಕಳೆದ ಮೇಲೆ ಹೊಸದೇನನ್ನೂ ಸೇರಿಸಲಾಗದು.

ನಮ್ಮ ದೇಶದ ಸಂಸ್ಥೆಗಳಿಗೆ ಬಂದರೆ, ಹಿಂದೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ನೋಡಿಕೊಳ್ಳುತ್ತಿದ್ದ ಅನುದಾನಗಳು 2023ರ ಕಾಯ್ದೆಯ ಮೂಲಕ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಅಡಿಗೆ ಬಂದಿವೆ. ಜೈವಿಕ ತಂತ್ರಜ್ಞಾನ ಇಲಾಖೆಗೆ ಇಪ್ರೊಮಿಸ್ ಪೋರ್ಟಲ್ ಇದೆ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿಗೆ (ಐಸಿಎಂಆರ್) ಇಪಿಎಂಎಸ್ ಇದೆ. ಸಮಾಜ ವಿಜ್ಞಾನದವರು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ (ಐಸಿಎಸ್‌ಎಸ್‌ಆರ್) ಮೂಲಕ, ರಾಜ್ಯದ ಮಟ್ಟದಲ್ಲಿ ಕೆಲವರು ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿಯ ಮೂಲಕ ಅರ್ಜಿ ಹಾಕುತ್ತಾರೆ. ಕರೆಯ ಪ್ರಕಟಣೆ, ಅದರ ಜೊತೆಗಿನ ಮಾರ್ಗಸೂಚಿ, ಪದೇ ಪದೇ ಕೇಳುವ ಪ್ರಶ್ನೆಗಳ ಪುಟ, ಈ ಮೂರನ್ನೂ ಓದಿ. ಸಲ್ಲಿಸಿದ ನಂತರದ ಬದಲಾವಣೆಯ ಬಗ್ಗೆ ಅಲ್ಲಿ ಸ್ಪಷ್ಟವಾದ ನಿಷೇಧ ಇದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಇಮೇಲ್ ಮೂಲಕ ಒತ್ತಾಯ ಮಾಡಬಾರದು, ಮುಂದೆ ಸಮಿತಿಯ ಎದುರು ಅವಕಾಶ ಸಿಕ್ಕಾಗ ಹೇಳಬೇಕು. ನಿಷೇಧವೂ ಇಲ್ಲ, ಅನುಮತಿಯೂ ಇಲ್ಲ ಎಂದಾದರೆ ಆ ಯೋಜನೆಯ ಉಸ್ತುವಾರಿ ಹೊತ್ತ ಕಾರ್ಯಕ್ರಮ ಅಧಿಕಾರಿಗೆ ಎರಡು ಸಾಲಿನ ಪ್ರಶ್ನೆ ಬರೆಯಿರಿ: ಇಂಥ ಕಡತ ಸಂಖ್ಯೆಯ ಪ್ರಸ್ತಾವನೆ ಸಲ್ಲಿಸಿದ ನಂತರ ಅದಕ್ಕೆ ನೇರ ಸಂಬಂಧವುಳ್ಳ ಪ್ರಬಂಧವೊಂದು ಅಂಗೀಕಾರವಾಗಿದೆ, ಇದನ್ನು ತಿಳಿಸಲು ಅವಕಾಶ ಇದೆಯೇ, ಇದ್ದರೆ ಯಾವ ರೂಪದಲ್ಲಿ? ಈ ಪ್ರಶ್ನೆಯ ಜೊತೆಗೆ ಪ್ರಬಂಧವನ್ನು ಲಗತ್ತಿಸಬೇಡಿ. ಅನುಮತಿ ಕೇಳುವ ಪತ್ರದಲ್ಲಿಯೇ ವಿಷಯವನ್ನು ತುರುಕುವುದು ಸರಿಯಾದ ನಡೆಯಲ್ಲ.

ಸಮಿತಿಯ ಸದಸ್ಯರು ಯಾರೆಂದು ನಿಮಗೆ ಗೊತ್ತಿದ್ದರೂ, ಅವರಲ್ಲಿ ಒಬ್ಬರು ನಿಮ್ಮ ಗುರುಗಳೇ ಆಗಿದ್ದರೂ, ಅವರಿಗೆ ನೇರವಾಗಿ ಪ್ರಬಂಧ ಕಳುಹಿಸಬಾರದು. ಸುಮ್ಮನೆ ಓದಲೆಂದು ಕಳುಹಿಸಿದೆ ಎಂಬ ಸಮಜಾಯಿಷಿಯನ್ನು ಯಾರೂ ಒಪ್ಪುವುದಿಲ್ಲ. ಅದರಿಂದ ಅವರನ್ನೂ ಇಕ್ಕಟ್ಟಿಗೆ ಸಿಲುಕಿಸುತ್ತೀರಿ, ನಿಮ್ಮ ಅರ್ಜಿಯನ್ನೂ ಅಪಾಯಕ್ಕೆ ಒಡ್ಡುತ್ತೀರಿ.

ನಾಲ್ಕನೆಯ ಹಂತ: ಹೊಸ ಪ್ರಬಂಧವು ಪ್ರಸ್ತಾವನೆಯನ್ನು ಹೇಗೆ ಮುಟ್ಟುತ್ತದೆ ಎಂದು ತೂಗಿ ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಹಂತ ಇದು, ಮತ್ತು ಬಹಳ ಜನ ಹಾರಿಸಿಬಿಡುವ ಹಂತವೂ ಇದೇ. ಒಂದು ಉದಾಹರಣೆಯನ್ನು ಹಿಡಿದು ನೋಡೋಣ. ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿನಲ್ಲಿ ಸವಳು ಬಿದ್ದ ಜಮೀನುಗಳಲ್ಲಿ ಭತ್ತ ಬೆಳೆಯುವ ಬಗ್ಗೆ ಒಂದು ತಂಡ ಪ್ರಸ್ತಾವನೆ ಸಲ್ಲಿಸಿದೆ ಎಂದುಕೊಳ್ಳಿ. ಅದರಲ್ಲಿ ಮೂರು ಉದ್ದೇಶಗಳಿವೆ: ಸವಳಿನ ಪ್ರಮಾಣವನ್ನು ಹಳ್ಳಿವಾರು ಅಳೆದು ನಕ್ಷೆ ಮಾಡುವುದು, ನೇರ ಬಿತ್ತನೆಯ ಭತ್ತದಲ್ಲಿ ತಳಿಗಳ ಸಹಿಷ್ಣುತೆ ಪರೀಕ್ಷಿಸುವುದು, ಬಸಿಗಾಲುವೆಯ ಪರಿಣಾಮವನ್ನು ಮೂರು ಹಂಗಾಮುಗಳಲ್ಲಿ ಅಳೆಯುವುದು. ಅರ್ಜಿ ಸಲ್ಲಿಸಿ ಐದು ತಿಂಗಳಾದ ಮೇಲೆ ಈ ತಂಡದ ಪ್ರಬಂಧವೊಂದು ಅಂಗೀಕಾರವಾಯಿತು. ಅದರಲ್ಲಿ ಏನಿದೆ ಎಂಬುದರ ಮೇಲೆ ಮುಂದಿನ ನಡೆ ನಿಂತಿದೆ.

ಪ್ರಬಂಧದಲ್ಲಿ ಇರುವುದು ಮಣ್ಣಿನ ವಿದ್ಯುತ್ ವಾಹಕತೆ ಅಳೆಯುವ ವಿಧಾನವನ್ನು ಇಲ್ಲಿನ ಕಪ್ಪು ಮಣ್ಣಿಗೆ ಹೊಂದಿಸಿದ ಬಗೆ ಮಾತ್ರ ಎಂದಾದರೆ, ಅದು ಪ್ರಸ್ತಾವನೆಗೆ ಬಲ ಕೊಡುತ್ತದೆ. ವಿಧಾನ ತಂಡದ ಕೈಯಲ್ಲಿ ಪಳಗಿದೆ, ಅಳತೆ ಇಲ್ಲಿಯೇ ನಡೆದಿದೆ ಎಂಬುದು ಸಾಬೀತಾಗುತ್ತದೆ. ಇಂಥದ್ದನ್ನು ಹಿಂದೆಮುಂದೆ ನೋಡದೆ ತಿಳಿಸಬೇಕು.

ಅದೇ ಪ್ರಬಂಧ ಹನ್ನೆರಡು ಹಳ್ಳಿಗಳ ಸವಳಿನ ನಕ್ಷೆಯನ್ನೇ ಪ್ರಕಟಿಸಿದ್ದರೆ ವಿಷಯ ಬೇರೆ. ಮೊದಲ ಉದ್ದೇಶದ ಒಂದು ಭಾಗ ಈಗಾಗಲೇ ಮುಗಿದಿದೆ. ಸಮಿತಿಯಲ್ಲಿ ಯಾರಾದರೂ ‘ಮಾಡಿ ಮುಗಿಸಿದ ಕೆಲಸಕ್ಕೆ ಹಣ ಏಕೆ’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆ ಪ್ರಶ್ನೆ ಬರುವುದಕ್ಕೆ ಮೊದಲೇ ಪತ್ರದಲ್ಲಿ ಉತ್ತರ ಇರಬೇಕು: ಎಷ್ಟು ಹಳ್ಳಿಗಳ ಕೆಲಸ ಮುಗಿದಿದೆ, ಎಷ್ಟು ಉಳಿದಿದೆ, ಮುಗಿದ ಭಾಗಕ್ಕೆ ಹಣ ಎಲ್ಲಿಂದ ಬಂದಿತ್ತು, ಉಳಿತಾಯವಾಗುವ ಸಮಯವನ್ನು ಎರಡನೆಯ ಅಥವಾ ಮೂರನೆಯ ಉದ್ದೇಶಕ್ಕೆ ಹೇಗೆ ಬಳಸಲಾಗುವುದು. ಹೀಗೆ ಬರೆಯದೆ ಪ್ರಬಂಧದ ಹೆಸರನ್ನಷ್ಟೇ ಕಳುಹಿಸಿದರೆ, ಬಲವಾಗಬೇಕಿದ್ದ ಸುದ್ದಿಯೇ ಅರ್ಜಿಗೆ ಮುಳುವಾಗುತ್ತದೆ. ಪ್ರಕಟವಾದ ಪ್ರಬಂಧದ ಕೊನೆಯ ಕೃತಜ್ಞತಾ ಭಾಗವನ್ನು ಇದೇ ಕಣ್ಣಿನಿಂದ ಓದಿ. ಅಲ್ಲಿ ಬೇರೊಂದು ಅನುದಾನದ ಹೆಸರು ಇದ್ದು, ನಿಮ್ಮ ಅರ್ಜಿಯ ‘ಚಾಲ್ತಿಯಲ್ಲಿರುವ ಯೋಜನೆಗಳು’ ಎಂಬ ಭಾಗದಲ್ಲಿ ಆ ಅನುದಾನದ ಉಲ್ಲೇಖ ಇಲ್ಲದಿದ್ದರೆ, ಎರಡನ್ನೂ ಹೊಂದಿಸಿ ನೋಡುವವರಿಗೆ ಮುಚ್ಚಿಟ್ಟಂತೆ ಕಾಣುತ್ತದೆ. ಅಂಥ ಲೋಪ ಇದ್ದರೆ ಅದನ್ನೇ ಮೊದಲು ಸರಿಪಡಿಸಿ, ಪ್ರಬಂಧದ ಮಾತು ನಂತರ.

ಮೂರನೆಯ ಸಂದರ್ಭ ಇನ್ನೂ ಸೂಕ್ಷ್ಮವಾದದ್ದು. ಅರ್ಜಿಯ ಪ್ರಾಥಮಿಕ ಫಲಿತಾಂಶದಲ್ಲಿ ಇಳುವರಿ ಶೇ 22ರಷ್ಟು ಹೆಚ್ಚಿದೆ ಎಂದು ಬರೆದಿದ್ದೀರಿ. ಜರ್ನಲ್‌ನ ಪರಿಶೀಲಕರು ಇನ್ನೊಂದು ಹಂಗಾಮಿನ ಅಂಕಿಗಳನ್ನೂ ಸೇರಿಸಿ ವಿಶ್ಲೇಷಿಸಿ ಎಂದರು, ಪ್ರಕಟವಾದ ಪ್ರಬಂಧದಲ್ಲಿ ಅದು ಶೇ 16 ಎಂದಾಯಿತು. ಇದು ತಪ್ಪಲ್ಲ, ವಿಜ್ಞಾನ ಮುಂದೆ ಸಾಗುವುದೇ ಹೀಗೆ. ಆದರೆ ಇಂಥ ಸಂದರ್ಭದಲ್ಲಿ ತಿಳಿಸುವುದು ನಿಮ್ಮ ಇಚ್ಛೆಗೆ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ. ಅರ್ಜಿಯಲ್ಲಿರುವ ಅಂಕಿಗಿಂತ ಪ್ರಕಟಿತ ಅಂಕಿ ಕಡಿಮೆಯಾಗಿದೆ ಎಂಬುದನ್ನು ನೀವೇ ಹೇಳಬೇಕು, ಕಾರಣವನ್ನು ಒಂದು ವಾಕ್ಯದಲ್ಲಿ ಕೊಡಬೇಕು, ಯೋಜನೆಯ ಮೂಲ ಪ್ರಶ್ನೆ ಹಾಗೆಯೇ ನಿಲ್ಲುತ್ತದೆಯೇ ಎಂಬುದನ್ನು ಬರೆಯಬೇಕು. ತಂಡದವರ ಹಳೆಯ ಪ್ರಬಂಧವೊಂದಕ್ಕೆ ತಿದ್ದೋಲೆ ಬಂದಿದ್ದರೆ ಅಥವಾ ಅದು ಹಿಂಪಡೆಯಲ್ಪಟ್ಟಿದ್ದರೆ, ಅರ್ಜಿಯು ಅದರ ಮೇಲೆ ನಿಂತಿರುವಷ್ಟರ ಮಟ್ಟಿಗೆ ಇದೇ ಕ್ರಮ ಅನ್ವಯಿಸುತ್ತದೆ. ಒಳ್ಳೆಯ ಸುದ್ದಿಗೆ ಪತ್ರ ಬರೆದು ಇಂಥ ಸುದ್ದಿಗೆ ಸುಮ್ಮನಿರುವುದು ಸಂಶೋಧಕರ ಘನತೆಗೆ ತಕ್ಕದ್ದಲ್ಲ.

ಇನ್ನು ಸಂಬಂಧವೇ ಇಲ್ಲದ ಪ್ರಬಂಧಗಳು. ಸವಳಿನ ಪ್ರಸ್ತಾವನೆ ಸಲ್ಲಿಸಿದವರ ತೊಗರಿ ಮಾರುಕಟ್ಟೆಯ ಸಮೀಕ್ಷೆ ಪ್ರಕಟವಾದರೆ ಅದನ್ನು ಈ ಕಡತಕ್ಕೆ ಕಳುಹಿಸುವುದು ಬೇಡ. ‘ಪರಿಶೀಲನೆಯಲ್ಲಿದೆ’ ಎಂದು ಅರ್ಜಿಯಲ್ಲಿ ತೋರಿಸಿದ್ದ ಪ್ರಬಂಧ ತಿರಸ್ಕೃತವಾಗಿದ್ದರೆ ಅದಕ್ಕಾಗಿಯೇ ಪತ್ರ ಬರೆಯುವ ಅಗತ್ಯ ಇಲ್ಲ, ಆದರೆ ಮುಂದೆ ಯಾರಾದರೂ ಕೇಳಿದಾಗ ‘ಇನ್ನೂ ಪರಿಶೀಲನೆಯಲ್ಲಿದೆ’ ಎನ್ನಬಾರದು.

ಐದನೆಯ ಹಂತ: ಒಂದೇ ಪುಟದ ಪತ್ರ ಸಿದ್ಧಪಡಿಸಿ

ಸಂಸ್ಥೆ ನಮೂನೆ ಕೊಟ್ಟಿದ್ದರೆ ಅದನ್ನೇ ಬಳಸಿ. ಕೊಡದಿದ್ದರೆ ಒಂದು ಪುಟವನ್ನು ಮೀರದ ಪತ್ರ ಬರೆದು ಪಿಡಿಎಫ್ ಮಾಡಿ. ವಿಷಯದ ಸಾಲಿನಲ್ಲಿ ಕಡತ ಸಂಖ್ಯೆ ಬರಲೇಬೇಕು, ಏಕೆಂದರೆ ನೂರಾರು ಅರ್ಜಿಗಳ ನಡುವೆ ನಿಮ್ಮ ಕಾಗದ ಸರಿಯಾದ ಕಡತ ಸೇರುವುದು ಆ ಸಂಖ್ಯೆಯಿಂದಲೇ. ನಾನು ಹೊಸಬನಾಗಿದ್ದಾಗ ಒಂದೇ ಅರ್ಜಿಗೆ ಮೂರು ತಿಂಗಳಲ್ಲಿ ಮೂರು ಇಮೇಲ್ ಕಳುಹಿಸಿದ್ದೆ, ಎರಡರಲ್ಲಿ ಕಡತ ಸಂಖ್ಯೆಯೇ ಇರಲಿಲ್ಲ. ಸಮಿತಿಯ ಮುಂದೆ ನಿಂತಾಗ ತಿಳಿದದ್ದು, ಕಡತದಲ್ಲಿದ್ದದ್ದು ಮೊದಲನೆಯದು ಮಾತ್ರ, ಮುಖ್ಯವಾದ ಪ್ರಬಂಧದ ಸುದ್ದಿ ಇದ್ದದ್ದು ಮೂರನೆಯದರಲ್ಲಿ. ಅಂದಿನಿಂದ ಒಂದು ಅರ್ಜಿಗೆ ಒಂದೇ ಪತ್ರ ಎಂಬ ಕ್ರಮವನ್ನು ಬಿಟ್ಟಿಲ್ಲ. ಸಭೆ ದೂರ ಇದ್ದು ಇನ್ನೊಂದು ಪ್ರಬಂಧ ಅಂಗೀಕಾರದ ಹತ್ತಿರ ಇದೆ ಎಂದಾದರೆ ಸ್ವಲ್ಪ ಕಾದು ಎರಡನ್ನೂ ಕೂಡಿಸಿ ಕಳುಹಿಸುವುದು ಉತ್ತಮ. ಸಭೆಯ ದಿನಾಂಕ ಗೊತ್ತಿಲ್ಲದಿದ್ದರೆ ಮಾತ್ರ ಕಾಯಬೇಡಿ.

ಪತ್ರವನ್ನು ಹೆಚ್ಚಿನ ಸಂಸ್ಥೆಗಳಿಗೆ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗುತ್ತದೆ. ಅದರ ಒಕ್ಕಣೆಯ ಸಾರ ಹೀಗಿರಲಿ:

“ವಿಷಯ: ಕಡತ ಸಂಖ್ಯೆ ............ ರ ಪ್ರಸ್ತಾವನೆಗೆ ಸಂಬಂಧಿಸಿದಂತೆ, ಸಲ್ಲಿಕೆಯ ನಂತರ ಅಂಗೀಕಾರವಾದ ಪ್ರಬಂಧದ ಮಾಹಿತಿ.

ಮಾನ್ಯರೇ, ಮೇಲ್ಕಂಡ ಪ್ರಸ್ತಾವನೆಯನ್ನು ದಿನಾಂಕ ............ ರಂದು ಸಲ್ಲಿಸಲಾಗಿದೆ. ಅದರ 14ನೆಯ ಪುಟದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸಲಾಗಿದ್ದ ಪ್ರಬಂಧವು ದಿನಾಂಕ ............ ರಂದು ಅಂಗೀಕಾರವಾಗಿದೆ. ಪರಿಶೀಲನೆಯ ವೇಳೆ ಅದರ ಶೀರ್ಷಿಕೆ ಬದಲಾಗಿದೆ. ಹಳೆಯ ಮತ್ತು ಹೊಸ ಶೀರ್ಷಿಕೆಗಳು, ಲೇಖಕರ ಹೆಸರುಗಳು, ಜರ್ನಲ್‌ನ ಹೆಸರು ಮತ್ತು ಡಿಒಐ ಸಂಖ್ಯೆಯನ್ನು ಕೆಳಗೆ ಕೊಡಲಾಗಿದೆ. ಪ್ರಸ್ತಾವನೆಯ ಮೊದಲ ಉದ್ದೇಶದಲ್ಲಿ ಬಳಸಲಿರುವ ಅಳತೆಯ ವಿಧಾನವನ್ನು ಈ ಪ್ರಬಂಧವು ನಮ್ಮ ಪ್ರಯೋಗಾಲಯದಲ್ಲಿಯೇ ಪಡೆದ ಅಂಕಿಗಳಿಂದ ದೃಢಪಡಿಸಿದೆ. ಪ್ರಸ್ತಾವನೆಯ ಉದ್ದೇಶಗಳಲ್ಲಿ, ಅವಧಿಯಲ್ಲಿ ಮತ್ತು ಅಂದಾಜು ವೆಚ್ಚದಲ್ಲಿ ಯಾವುದೇ ಬದಲಾವಣೆ ಇಲ್ಲ. ನಿಯಮಗಳಿಗೆ ಒಳಪಟ್ಟು ಈ ಮಾಹಿತಿಯನ್ನು ಕಡತದಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.”

ಶೀರ್ಷಿಕೆ ಬದಲಾದದ್ದನ್ನು ಹೇಳುವ ವಾಕ್ಯವನ್ನು ಬಿಡಬೇಡಿ. ಜರ್ನಲ್‌ನ ಸಂಪಾದಕರು ಶೀರ್ಷಿಕೆಯನ್ನು ಬದಲಿಸುವುದು ಸಾಮಾನ್ಯ, ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಡದಿದ್ದರೆ ಓದುವವರು ಅದನ್ನು ಬೇರೆಯೇ ಪ್ರಬಂಧ ಎಂದುಕೊಳ್ಳುತ್ತಾರೆ. ಲೇಖಕರ ಅನುಕ್ರಮ ಬದಲಾಗಿದ್ದರೆ ಅದನ್ನೂ ಇದ್ದ ಹಾಗೆ ಬರೆಯಿರಿ. ಸಂಶೋಧನಾ ವಿದ್ಯಾರ್ಥಿ ಮೊದಲ ಲೇಖಕರಾಗಿದ್ದು ನೀವು ಮಾರ್ಗದರ್ಶಕರಾಗಿದ್ದರೆ ಹಾಗೆಂದೇ ತಿಳಿಸಿ. ವಿದ್ಯಾರ್ಥಿಯ ಕೆಲಸ ಅನುದಾನದ ಅರ್ಜಿಯಲ್ಲಿ ಬಳಕೆಯಾಗುತ್ತಿದೆ ಎಂಬುದು ಆ ವಿದ್ಯಾರ್ಥಿಗೂ ಗೊತ್ತಿರಬೇಕು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನು (ಅದರ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಅಂಕ) ದಪ್ಪಕ್ಷರದಲ್ಲಿ ಹಾಕುವ ರೂಢಿ ನಮ್ಮಲ್ಲಿ ಬಹಳವಾಗಿದೆ. ಸಂಸ್ಥೆ ಕೇಳದಿದ್ದರೆ ಅದನ್ನು ಬಿಡಿ, ಆ ಜಾಗವನ್ನು ಪ್ರಬಂಧಕ್ಕೂ ಉದ್ದೇಶಕ್ಕೂ ಇರುವ ಸಂಬಂಧವನ್ನು ಹೇಳುವ ವಾಕ್ಯಕ್ಕೆ ಬಳಸಿ. ಪತ್ರದಲ್ಲಿ ತೂಕ ಇರುವುದು ಆ ಒಂದು ವಾಕ್ಯಕ್ಕೇ.

ಹೆಸರು ಮತ್ತು ಊರಿನ ತೊಡಕು

ನಮ್ಮ ಭಾಗದವರಿಗೆ ಎದುರಾಗುವ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. 2014ರ ನವೆಂಬರ್ 1ರಿಂದ ಊರಿನ ಹೆಸರು ಅಧಿಕೃತವಾಗಿ ಬಳ್ಳಾರಿ ಎಂದಾಗಿದೆ, ಅದಕ್ಕೂ ಮೊದಲಿನ ಪ್ರಬಂಧಗಳಲ್ಲಿ ಅದು ‘ಬೆಳ್ಳಾರಿ’ ಎಂಬ ಇಂಗ್ಲಿಷ್ ಕಾಗುಣಿತದಲ್ಲಿದೆ, ಕೆಲವರು ಈಗಲೂ ಹಾಗೆಯೇ ಬರೆಯುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ, ಹೊಸಪೇಟೆ ಅಥವಾ ಹಡಗಲಿಯಲ್ಲಿ ಸಂಗ್ರಹಿಸಿದ ಮಾದರಿಗಳು ಹಳೆಯ ಪ್ರಬಂಧದಲ್ಲಿ ಬಳ್ಳಾರಿ ಜಿಲ್ಲೆಯವು, ಹೊಸದರಲ್ಲಿ ವಿಜಯನಗರ ಜಿಲ್ಲೆಯವು. ಇದರ ಜೊತೆಗೆ ನಮ್ಮ ಹೆಸರುಗಳ ಕಥೆ: ತಂದೆಯ ಹೆಸರಿನ ಮೊದಲಕ್ಷರ ಒಂದು ಪ್ರಬಂಧದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಡ್ಡಹೆಸರು ಸೇರಿಕೊಂಡಿರುತ್ತದೆ. ದತ್ತಾಂಶ ಕೋಶಗಳು ಇವನ್ನೆಲ್ಲ ಬೇರೆ ಬೇರೆ ವ್ಯಕ್ತಿಗಳೆಂದೇ ತಿಳಿಯುತ್ತವೆ. ಪರಿಶೀಲಕರು ನಿಮ್ಮ ಹೆಸರನ್ನು ಹುಡುಕಿದಾಗ ಅರ್ಧ ಕೆಲಸ ಮಾತ್ರ ಕಾಣುತ್ತದೆ.

ಇದಕ್ಕೆ ಪರಿಹಾರ 16 ಅಂಕಿಗಳ ಆರ್ಕಿಡ್ ಸಂಖ್ಯೆ, ಅಂದರೆ ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಸಿಗುವ ಗುರುತಿನ ಸಂಖ್ಯೆ. ಅದನ್ನು ಉಚಿತವಾಗಿ ಪಡೆಯಬಹುದು, ಜೀವಮಾನವಿಡೀ ಅದೇ ಇರುತ್ತದೆ. ಹೊಸ ಪ್ರಬಂಧ ಪ್ರಕಟವಾದ ದಿನವೇ ನಿಮ್ಮ ಆರ್ಕಿಡ್ ಪುಟದಲ್ಲಿ ಸೇರಿಸಿ, ಹಳೆಯ ಕಾಗುಣಿತದ ಪ್ರಬಂಧಗಳನ್ನೂ ಅದರಡಿಗೆ ತನ್ನಿ. ಇನ್‌ಫ್ಲಿಬ್‌ನೆಟ್‌ನ ವಿದ್ವಾನ್ ಎಂಬ, ಸಂಶೋಧಕರ ವಿವರಗಳಿರುವ ತಾಣದಲ್ಲಿನ ನಿಮ್ಮ ಪುಟವನ್ನೂ ಸರಿಪಡಿಸಿ. ಸಲ್ಲಿಸಿದ ಅರ್ಜಿಯನ್ನು ಮುಟ್ಟಲು ಬರುವುದಿಲ್ಲವಾದರೂ, ಅರ್ಜಿಯಲ್ಲಿ ಕೊಟ್ಟ ಆರ್ಕಿಡ್ ಕೊಂಡಿಯನ್ನು ಯಾರಾದರೂ ತೆರೆದರೆ ಅಂದಿನವರೆಗಿನ ಕೆಲಸ ಅಲ್ಲಿ ಕಾಣುತ್ತದೆ. ಯಾವ ನಿಯಮವನ್ನೂ ಮೀರದ ದಾರಿ ಇದು. ಹಾಗೆಂದು ಪರಿಶೀಲಕರು ಅದನ್ನು ನೋಡಿಯೇ ನೋಡುತ್ತಾರೆ ಎಂದು ನಂಬಿ ಪತ್ರ ಬರೆಯದೆ ಇರಬೇಡಿ.

ಆರನೆಯ ಹಂತ: ಸೂಕ್ತ ಮಾರ್ಗದಲ್ಲಿ ಕಳುಹಿಸಿ

ಮೂಲ ಅರ್ಜಿ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆಯ ಪತ್ರದೊಂದಿಗೆ ಹೋಗಿರುವುದರಿಂದ, ಅದಕ್ಕೆ ಸೇರುವ ಕಾಗದವೂ ಅದೇ ಮಾರ್ಗದಲ್ಲಿ ಹೋಗುವುದು ಕ್ರಮ. ಕಾಲೇಜಾದರೆ ವಿಭಾಗದ ಮುಖ್ಯಸ್ಥರ ಮೂಲಕ ಪ್ರಾಂಶುಪಾಲರಿಗೆ, ವಿಶ್ವವಿದ್ಯಾಲಯವಾದರೆ ಕುಲಸಚಿವರಿಗೆ ಅಥವಾ ಸಂಶೋಧನಾ ನಿರ್ದೇಶಕರಿಗೆ ಟಿಪ್ಪಣಿ ಹೋಗಬೇಕು. ಇದಕ್ಕೆ ವಾರ, ಹತ್ತು ದಿನ ಹಿಡಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೊರಡಿ. ಸಭೆಗೆ ಮೂವತ್ತು ದಿನ ಮೊದಲು ತಲುಪಬೇಕೆಂದರೆ ನಲವತ್ತೈದು ದಿನ ಮೊದಲೇ ಟಿಪ್ಪಣಿ ಮೇಜಿಗೆ ಬಂದಿರಬೇಕು. ಜಾವಕ ಸಂಖ್ಯೆ ಮತ್ತು ದಿನಾಂಕ ಬಿದ್ದ ಪ್ರತಿಯನ್ನು ಸ್ಕ್ಯಾನ್ ಮಾಡಿ, ಅರ್ಜಿ ಸಲ್ಲಿಸಲು ಬಳಸಿದ ಅದೇ ಇಮೇಲ್ ವಿಳಾಸದಿಂದ ಕಾರ್ಯಕ್ರಮ ಅಧಿಕಾರಿಗೆ ಕಳುಹಿಸಿ, ಮುಖ್ಯಸ್ಥರ ಕಚೇರಿಗೂ ಸಹ ಸಂಶೋಧಕರಿಗೂ ಪ್ರತಿ ಇಡಿ. ಪೋರ್ಟಲಿನಲ್ಲಿಯೇ ಪತ್ರವ್ಯವಹಾರದ ಸ್ಥಳ ಇದ್ದರೆ ಅಲ್ಲಿಯೂ ಏರಿಸಿ. ಪ್ರಕಾಶಕರ ಹಕ್ಕುಸ್ವಾಮ್ಯ ಇರುವ ಪೂರ್ಣ ಪ್ರಬಂಧವನ್ನು ಕೇಳದೆ ಲಗತ್ತಿಸಬೇಡಿ, ಡಿಒಐ ಸಾಕು. ಇನ್ನೂ ಆನ್‌ಲೈನ್‌ಗೆ ಬಾರದ ಪ್ರಬಂಧಕ್ಕೆ ಅಂಗೀಕಾರ ಪತ್ರದ ಪ್ರತಿ ಸಾಕು.

ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಬಹುದು. ಅದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ.

ಏಳನೆಯ ಹಂತ: ಸಮಿತಿಯ ಮುಂದೆ

ನಮ್ಮ ದೇಶದ ಹಲವು ಅನುದಾನಗಳಲ್ಲಿ ಆಯ್ದ ಅರ್ಜಿದಾರರನ್ನು ತಜ್ಞರ ಸಮಿತಿಯ ಮುಂದೆ ಪ್ರಸ್ತುತಿಗೆ ಕರೆಯುತ್ತಾರೆ. ಈಗ ಅದು ಆನ್‌ಲೈನ್‌ನಲ್ಲಿಯೂ ನಡೆಯುವುದರಿಂದ ರಾಯಚೂರಿನಲ್ಲಿ ಕುಳಿತೇ ಮಾತನಾಡುವ ಅನುಕೂಲ ಇದೆ. ಪತ್ರಕ್ಕೆ ಅವಕಾಶ ಇಲ್ಲದ ಕಡೆಯೂ ಇಲ್ಲಿ ಹೊಸ ಪ್ರಬಂಧವನ್ನು ತೋರಿಸಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ, ಆದರೆ ಸಿಗುವ ಸಮಯ ಬಹಳ ಕಡಿಮೆ. ‘ಸಲ್ಲಿಕೆಯ ನಂತರದ ಪ್ರಗತಿ’ ಎಂಬ ಒಂದೇ ಸ್ಲೈಡ್ ಮಾಡಿ. ಅದರಲ್ಲಿ ಪ್ರಬಂಧದ ಉಲ್ಲೇಖಕ್ಕೆ ಒಂದು ಸಾಲು, ಅದರ ಮುಖ್ಯ ಚಿತ್ರ ಅಥವಾ ಕೋಷ್ಟಕ ಒಂದು, ಯಾವ ಉದ್ದೇಶಕ್ಕೆ ಅದು ಆಧಾರ ಎಂಬ ಸಾಲು ಒಂದು ಇದ್ದರೆ ಸಾಕು. ಇದನ್ನು ಕೊನೆಯಲ್ಲಿ ಇಡಬೇಡಿ, ಏಕೆಂದರೆ ಕೊನೆಯ ಸ್ಲೈಡ್‌ಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ವಿಧಾನವನ್ನು ವಿವರಿಸುವ ಜಾಗದಲ್ಲಿಯೇ, ‘ಈ ವಿಧಾನವನ್ನು ನಾವು ಇಲ್ಲಿ ಮಾಡಿ ತೋರಿಸಿದ್ದೇವೆ’ ಎಂಬ ಮಾತಿನೊಂದಿಗೆ ತನ್ನಿ.

ಅಂಕಿ ಬದಲಾಗಿದ್ದರೆ ಬದಲಾದ ಅಂಕಿಯನ್ನೇ ಸ್ಲೈಡ್‌ನಲ್ಲಿ ಹಾಕಿ, ಅರ್ಜಿಯಲ್ಲಿದ್ದದ್ದು ಬೇರೆ ಎಂದು ಬಾಯಿಮಾತಿನಲ್ಲಿ ಹೇಳಿ. ಇಂಥ ಮಾತನ್ನು ಕೇಳಿದ ಸಮಿತಿಗಳು ಅರ್ಜಿದಾರರನ್ನು ಹೆಚ್ಚು ಗೌರವದಿಂದ ಕಂಡದ್ದನ್ನು ನಾನು ನೋಡಿದ್ದೇನೆ.

ತೀರ್ಮಾನ ಬಂದ ಮೇಲೆ

ಅರ್ಜಿ ತಿರಸ್ಕೃತವಾದರೆ ಹೊಸ ಪ್ರಬಂಧವನ್ನು ಮುಂದಿಟ್ಟು ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಕೇಳುವುದರಿಂದ ಫಲ ಇಲ್ಲ. ಪರಿಶೀಲಕರ ಟಿಪ್ಪಣಿ ಸಿಕ್ಕಿದ್ದರೆ ಅದನ್ನು ಸಾಲು ಸಾಲಾಗಿ ಓದಿ, ಯಾವ ಸಂಶಯಕ್ಕೆ ಹೊಸ ಪ್ರಬಂಧ ಉತ್ತರ ಕೊಡುತ್ತದೆ ಎಂದು ಗುರುತಿಸಿ, ಮುಂದಿನ ಅರ್ಜಿಯಲ್ಲಿ ಅದನ್ನು ಪ್ರಾಥಮಿಕ ಫಲಿತಾಂಶಗಳ ಭಾಗಕ್ಕೆ ತನ್ನಿ. ಪ್ರಕಟಣೆಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದರೆ ಅದನ್ನು ಯಾರೂ ಗಮನಿಸುವುದಿಲ್ಲ.

ಅನುದಾನ ಮಂಜೂರಾದರೆ ಆದೇಶದ ದಿನಾಂಕವನ್ನೂ, ಯೋಜನೆ ಆರಂಭವಾದ ದಿನಾಂಕವನ್ನೂ ಆ ಮೊದಲ ಹಾಳೆಯಲ್ಲಿ ಬರೆದಿಡಿ. ಅದಕ್ಕೂ ಮೊದಲು ಅಂಗೀಕಾರವಾದ ಪ್ರಬಂಧದ ಕೃತಜ್ಞತಾ ಭಾಗದಲ್ಲಿ, ಪ್ರೂಫ್ ತಿದ್ದುವ ಹಂತ ಇನ್ನೂ ಬಾಕಿ ಇದೆ ಎಂಬ ಕಾರಣಕ್ಕೆ, ಹೊಸ ಅನುದಾನದ ಸಂಖ್ಯೆಯನ್ನು ಸೇರಿಸಬಾರದು. ಆ ಹಣದಿಂದ ಆ ಕೆಲಸ ನಡೆದಿಲ್ಲ. ಅದೇ ರೀತಿ ವಾರ್ಷಿಕ ಪ್ರಗತಿ ವರದಿಯಲ್ಲಿ ಅದನ್ನು ಯೋಜನೆಯ ಫಲವೆಂದು ತೋರಿಸಬಾರದು. ಹಿನ್ನೆಲೆಯ ಕೆಲಸವೆಂದು ಉಲ್ಲೇಖಿಸಿ, ಯೋಜನೆಯಿಂದ ಬರುವ ಪ್ರಬಂಧಗಳಿಗೆ ಬೇರೆಯೇ ಪಟ್ಟಿ ತೆರೆಯಿರಿ.